ಬೆರಳು ಓಡಲಿ, ಭುಜ ಬಿಗಿಯುವುದು ಬೇಡ

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ನಮ್ಮೂರ ಭಜನಾ ಮಂಡಳಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುತ್ತೇನೆ. ನಿಧಾನದ ಪದಗಳಿಗೆ ಏನೂ ತೊಂದರೆ ಇಲ್ಲ. ಕೊನೆಗೆ ತಬಲಾದವರು ಲಯ ಏರಿಸಿದರೆ ಸಾಕು, ಭುಜ ಬಿಗಿಯುತ್ತದೆ, ಸ್ವರ ತಪ್ಪುತ್ತವೆ. ದಿನಾ ಅಲಂಕಾರ (ಸ್ವರಸಾಧನೆಯ ಪಾಠ) ಬಾರಿಸಿದರೂ ವೇಗ ಬರುತ್ತಿಲ್ಲ. ಹೊಸ ಪೇಟಿ ಕೊಳ್ಳಬೇಕೇನ್ರಿ?
– ಓದುಗರೊಬ್ಬರು, ಮುಧೋಳ

ಉತ್ತರ: ತಬಲಾ ಜೋರಾಗಿ ಹೊಡೆದರೆ ಜೋರಾಗಿ ಕೇಳುತ್ತದೆ. ಪೇಟಿ ಹಾಗಲ್ಲ. ಕೀ ಎಷ್ಟೇ ಗುದ್ದಿದರೂ ದನಿ ಅಷ್ಟೇ. ದನಿ ಏರುವುದು ಗಾಳಿಯಿಂದ. ಲಯ ಏರಿದಾಗ ನೀವು ತಬಲಾದವರ ಜೊತೆ ಪೈಪೋಟಿಗೆ ಬಿದ್ದು ಕೀ ಗುದ್ದುತ್ತಿದ್ದೀರಿ, ಅಲ್ವಾ?

ಇವತ್ತೇ ಒಂದು ಕೆಲಸ ಮಾಡಿ. ಎಡಗೈಯಿಂದ ಸಣ್ಣಗೆ ಗಾಳಿ ಹಾಕುತ್ತ, 'ಸಾ' ಮೇಲೆ ಬೆರಳು ಸುಮ್ನೆ ಇಡಿ. ಸ್ವಲ್ಪ ಸ್ವಲ್ಪವೇ ಭಾರ ಬಿಡಿ. ಒಂದು ಹಂತಕ್ಕೆ ದನಿ ತಾನಾಗಿ ಹುಟ್ಟುತ್ತದೆ. ದ್ರುತದಲ್ಲೂ, ಅಂದ್ರೆ ವೇಗದ ಲಯದಲ್ಲೂ, ಬೇಕಾದದ್ದು ಅಷ್ಟೇ ಭಾರ. ಬೆರಳನ್ನು ಕೀ ಬಿಟ್ಟು ಮೇಲಕ್ಕೆ ಎತ್ತಲೂ ಬೇಡಿ.

ಎಡಗೈಯನ್ನೂ ಗಮನಿಸಿ. ಲಯ ಏರಿದ ಕೂಡಲೇ ಅದೂ ತಬಲಾದ ಜೊತೆ ಓಡಲು ಶುರು ಮಾಡುತ್ತದೆ. ಭುಜ ಬಿಗಿಯಲು ಅರ್ಧ ಕಾರಣ ಅದೇ. ಪೇಟಿಯ ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ತಿದಿ ಇದೆ. ಗಾಳಿ ಕೂಡಿಟ್ಟುಕೊಳ್ಳುವುದು ಅದರ ಕೆಲಸ. ಬಲಗೈ ಎಷ್ಟೇ ಓಡಲಿ, ಎಡಗೈ ತನ್ನ ಪಾಡಿಗೆ ನಿಧಾನವಾಗಿ ಗಾಳಿ ಹಾಕಿದರೆ ಸಾಕು.

ಇನ್ನು ಅಭ್ಯಾಸ. ಲಯ ಎಣಿಸುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ನಿಮಿಷಕ್ಕೆ 60, 62, 64 ಬಡಿತ ಅಂತ ಏರಿಸುತ್ತ ಹೋಗುವವರಿದ್ದಾರೆ. ನನಗೇನೋ ಅದೊಂದರಿಂದಲೇ ವೇಗ ಬರುತ್ತದೆ ಅನ್ನಿಸುವುದಿಲ್ಲ. ಒತ್ತಿ ಬಾರಿಸುವ ಚಟವೂ ವೇಗದ ಜೊತೆಗೇ ಬೆಳೆಯುತ್ತದೆ. ನೀವು 'ಸಾರೇಗಮ' ನಾಲ್ಕೇ ಸ್ವರ ತೆಗೆದುಕೊಳ್ಳಿ. ಎಲ್ಲೂ ನಿಲ್ಲದೆ, ಪೂರ್ತಿ ವೇಗದಲ್ಲಿ ಬಾರಿಸಿ, ಕೈ ತೊಡೆಯ ಮೇಲೆ ಇಳಿಬಿಡಿ. ಭುಜ ಇಳಿಯಿತಾ? ಮತ್ತೆ ಬಾರಿಸಿ. ಸಲೀಸಾದ ಮೇಲೆ 'ಸಾರೇಗಮಪ', ಆಮೇಲೆ 'ಸಾರೇಗಮ ಪಧನಿಸಾ'. ಬಿಗಿ ಬಂತೋ, ಒಂದು ಸ್ವರ ಕಡಿಮೆ ಮಾಡಿ. ವೇಗ ಕಡಿಮೆ ಮಾಡಬೇಡಿ. ನಡುವೆ ಉಸಿರು ಹಿಡಿದಿದ್ದೀರಾ ಅಂತಲೂ ನೋಡಿಕೊಳ್ಳಿ. ಜಾಸ್ತಿ ಜನ ಹಿಡಿದಿರುತ್ತಾರೆ.

ನಿಮ್ಮ ಮಂಡಳಿ ಯಾವ ಪಟ್ಟಿಯಲ್ಲಿ (ಯಾವ ಕೀಯನ್ನು 'ಸಾ' ಮಾಡಿಕೊಂಡು) ಹಾಡುತ್ತದೆ ಅಂತ ಬರೆದಿಲ್ಲ. ಕರಿ ಒಂದು, ಅಂದ್ರೆ ಮೊದಲನೇ ಕರಿ ಕೀ, ಇದ್ದರೆ ಹೆಬ್ಬೆರಳಿನಿಂದ 'ಸಾ' ಹಿಡಿಯಬೇಡಿ. ಗಿಡ್ಡ ಬೆರಳು ಕರಿ ಕೀ ಮುಟ್ಟಲು ಹೋದರೆ ಇಡೀ ಮುಂಗೈ ಒಳಕ್ಕೆ ಎಳೆಯುತ್ತದೆ. ಶುದ್ಧ ಸ್ವರಗಳಿಗೆ ತೋರುಬೆರಳು 'ಸಾ', ನಡುಬೆರಳು 'ರೇ', ಹೆಬ್ಬೆರಳು ಕೆಳಗಿಂದ ನುಸುಳಿ 'ಗ'. ಮತ್ತೆ ತೋರುಬೆರಳು 'ಮ', ನಡುಬೆರಳು 'ಪ', ಉಂಗುರಬೆರಳು 'ಧ', ಹೆಬ್ಬೆರಳು 'ನಿ', ತೋರುಬೆರಳು ಮೇಲಿನ 'ಸಾ'. ಹೆಬ್ಬೆರಳು ನುಸುಳುವಾಗ ಮೊಣಕೈ ಹೊರಗೆ ಹಾರಬಾರದು.

ನಮ್ಮ ಬೆಳಗಾವಿಯಲ್ಲಿದ್ದ ಪೇಟಿ ವಾದಕ ರಾಮಭಾವು ವಿಜಾಪುರೆ ಅವರ ವಾದನದ ರೆಕಾರ್ಡಿಂಗ್ ಕೇಳಿ. ಹಾಗೆ ಕೇಳಿ ಕೇಳಿ ಕಿವಿ ತಯಾರಾದರೆ, ನೀವು ಗುದ್ದುವುದು ನಿಮಗೇ ಕೇಳಿಸತೊಡಗುತ್ತದೆ.

ಹೊಸ ಪೇಟಿ ಬೇಡ್ರಿ. ಕೀ ಬಿರುಸಾಗಿದ್ದರೆ ರಿಪೇರಿಯವರಿಗೆ ಸ್ಪ್ರಿಂಗ್ ನೋಡಲು ಹೇಳಿ. ತಿದಿಯಲ್ಲಿ ಗಾಳಿ ಸೋರುತ್ತಿದೆಯಾ ಅಂತಲೂ ತೋರಿಸಿ, ಸೋರುವ ಪೇಟಿಗೆ ಎಡಗೈ ಓಡಲೇಬೇಕಾಗುತ್ತದೆ. ಕೈ ಜೋಮು ಹಿಡಿಯುವುದು, ನೋವು ರಾತ್ರಿಯೂ ಉಳಿಯುವುದು ಇದ್ದರೆ ಬಾರಿಸುವುದು ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ.