ಗೇರು ಕಸಿ, ಬೀಸುಬಲೆ, ಕುಮಾರಪರ್ವತ: ನಿಮ್ಮ ಮೂರು ಬರಹಗಳ ಬಗ್ಗೆ

ಪ್ರಿಯ ಲೇಖಕರೇ,

ಕ್ರಿಸ್ತನಲ್ಲಿ ವಂದನೆಗಳು. ನೀವು ಕಳಿಸಿದ ಮೂರೂ ಬರಹಗಳನ್ನು ಸಂಪಾದಕ ಬಳಗದವರು ಓದಿದ್ದೇವೆ. ತೋಟದಲ್ಲಿ ಗೇರು ಕಸಿ ಕಟ್ಟುವುದು, ಅಳಿವೆಯಲ್ಲಿ ಬೀಸುಬಲೆ ಹಾಕುವುದು, ಕುಮಾರಪರ್ವತ ಹತ್ತುವುದು. ದಿನನಿತ್ಯದ ಕೆಲಸದಲ್ಲಿ, ಬಯಲಿನ ಓಡಾಟದಲ್ಲಿ ನಂಬಿಕೆಯ ಪಾಠ ಕಾಣುವ ಅಂಕಣಕ್ಕೆ ಇಂಥ ವಿಷಯಗಳೇ ಬೇಕು. ಆದರೂ ಈಗಿರುವ ರೂಪದಲ್ಲಿ ಒಂದನ್ನೂ ಹಾಕಿಕೊಳ್ಳಲಾಗದು. ಮೊದಲನೆಯದನ್ನು ತಿದ್ದಿ ಕೊಟ್ಟರೆ ಖಂಡಿತ ತೆಗೆದುಕೊಳ್ಳುತ್ತೇವೆ. ಎರಡನೆಯದನ್ನು ಬುಡದಿಂದ ಬರೆಯಬೇಕು. ಮೂರನೆಯದು ಬೇಡ. ಬರೀ ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಎಂದು ಕೈ ತೊಳೆದುಕೊಂಡರೆ ನಿಮಗೇನೂ ಉಪಯೋಗವಿಲ್ಲ, ಹಾಗಾಗಿ ಬಿಡಿಸಿ ಬರೆಯುತ್ತಿದ್ದೇವೆ.

ಗೇರಿನಿಂದ ಶುರು ಮಾಡೋಣ. ನಿಮ್ಮ ಬರಹದ ತಿರುಳು ಇಷ್ಟು: ನಾವೆಲ್ಲ ಕಾಡುಗಿಡಗಳು, ಕ್ರಿಸ್ತನೆಂಬ ಒಳ್ಳೆಯ ಬೇರಿಗೆ ಕಸಿ ಕಟ್ಟಿಸಿಕೊಂಡ ಮೇಲೆ ಒಳ್ಳೆಯ ಫಲ ಬಿಡುತ್ತೇವೆ, ಗೇರು ಕಸಿಯೇ ಇದಕ್ಕೆ ಸಾಕ್ಷಿ. ಆಧಾರಕ್ಕೆ ಪೌಲನು ರೋಮಿನ ಸಭೆಗೆ ಬರೆದ ಪತ್ರದ ವಚನ, ರೋಮಾ 11:17. ಪುತ್ತೂರು, ಸುಳ್ಯದ ಕಡೆ ನರ್ಸರಿಯಲ್ಲಿ ಕೆಲಸ ಮಾಡಿದ ಯಾರೇ ಆದರೂ ಇಷ್ಟು ಓದಿ ಪುಟ ಮಗುಚುತ್ತಾರೆ. ಕಸಿಯಲ್ಲಿ ಫಲ ಬರುವುದು ಮೇಲೆ ಕಟ್ಟಿದ ಕಡ್ಡಿಯ ಗುಣದಂತೆ. ಬೇರುಸಸಿ ನೀರು, ಸಾರ ಒದಗಿಸುತ್ತದೆ, ಆಸರೆ ಕೊಡುತ್ತದೆ, ಬೀಜದ ಜಾತಿಯನ್ನು ಬದಲಿಸುವುದಿಲ್ಲ. ಕೆಳಗೆ ಯಾವುದೋ ಗುಡ್ಡದ ಗೇರುಬೀಜದಿಂದ ಎದ್ದ ಸಸಿ ಇದ್ದರೂ ಮೇಲೆ ವೆಂಗುರ್ಲಾ-4 ಎಂಬ ಗೇರು ತಳಿಯ ಕಡ್ಡಿ ಕಟ್ಟಿದರೆ ವೆಂಗುರ್ಲಾ-4 ಬರುತ್ತದೆ. ತಿರುಗುಮುರುಗು ಮಾಡಿ ಒಳ್ಳೆಯ ಬೇರಿನ ಮೇಲೆ ಕಾಡುಕಡ್ಡಿ ಕಟ್ಟಿದರೆ ಕಾಡುಫಲವೇ. ನಿಮ್ಮ ಹೋಲಿಕೆ ನಿಮ್ಮ ಪಾಠಕ್ಕೇ ಎದುರು ಸಾಕ್ಷಿ ಹೇಳುತ್ತಿದೆ.

ಇದು ಪೌಲನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 17ನೆಯ ವಚನಕ್ಕೇ ನಿಲ್ಲಿಸದೆ 24ರವರೆಗೆ ಓದಿ. ಕಾಡು ಎಣ್ಣೇಮರದ (ಆಲಿವ್) ಕೊಂಬೆಯನ್ನು ಊರ ಮರಕ್ಕೆ ಕಸಿ ಕಟ್ಟಿದ್ದು ಸ್ವಭಾವಕ್ಕೆ ವಿರುದ್ಧವಾದದ್ದು ಎಂದು ಅವನೇ ಹೇಳುತ್ತಾನೆ. ಬಡವಾದ ಎಣ್ಣೇಮರಕ್ಕೆ ಕಾಡು ಕಡ್ಡಿ ಸೇರಿಸಿ ಚೇತರಿಸುವ ಉಪಾಯವನ್ನು ಮೊದಲ ಶತಮಾನದ ರೋಮನ್ ಕೃಷಿ ಬರಹಗಾರ ಕೊಲುಮೆಲ್ಲ ಬರೆದಿಟ್ಟಿದ್ದಾನೆ, ಪೌಲನ ಮನಸ್ಸಿನಲ್ಲಿ ಅದೇ ಇತ್ತು ಎನ್ನುವ ವ್ಯಾಖ್ಯಾನಕಾರರೂ ಇದ್ದಾರೆ. ಇರಲಿ. ಪೌಲ ತನ್ನ ಮಾತಿನ ಭಾರವನ್ನೆಲ್ಲ ಹಾಕಿರುವುದು ತೋಟಗಾರ ಮಾಡದ ಕೆಲಸವನ್ನು ದೇವರು ಮಾಡಿದ್ದಾನೆ ಎನ್ನುವುದರ ಮೇಲೆ. 18ನೆಯ ವಚನದ ಎಚ್ಚರಿಕೆಯೂ ಅದಕ್ಕೇ ಸೇರಿದ್ದು: ಬೇರನ್ನು ಹೊತ್ತಿರುವುದು ನೀನಲ್ಲ, ಬೇರೇ ನಿನ್ನನ್ನು ಹೊತ್ತಿದೆ, ಹಿಗ್ಗಬೇಡ. ನೀವು ಕಸಿಯ ವಾಡಿಕೆಯನ್ನು ಸರಿಯಾಗಿ ತೋರಿಸಿ, ‘ಇಲ್ಲಿ ಮಾತ್ರ ಹಾಗಾಗಲಿಲ್ಲ’ ಎಂದು ಬರೆದಿದ್ದರೆ ಕೃಪೆ ಎಂಬ ಮಾತನ್ನು ಏಳು ಸಲ ಬಳಸಬೇಕಾಗಿರಲಿಲ್ಲ.

ಸುವಾರ್ತೆಯ ಸಾಮ್ಯಗಳಲ್ಲೂ (ಯೇಸು ಹೇಳಿದ ಹೋಲಿಕೆಯ ಕತೆಗಳಲ್ಲೂ) ಇದೇ ನಡೆಯನ್ನು ಮತ್ತೆ ಮತ್ತೆ ಕಾಣುತ್ತೀರಿ. ಮತ್ತಾಯ 20ರಲ್ಲಿ ಸಂಜೆ ಐದಕ್ಕೆ ಬಂದ ಆಳಿಗೂ ಇಡೀ ದಿನದ ಕೂಲಿ. ಅಡಿಕೆ ತೋಟಕ್ಕೆ ಆಳು ಕರೆಸುವವರನ್ನು ಕೇಳಿ ನೋಡಿ, ಹಾಗೆ ಕೊಟ್ಟರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಯಾರು ಬರುತ್ತಾರೆ? ಕೂಲಿಯ ಲೆಕ್ಕ ಬಲ್ಲವನಿಗೆ ಆ ಕತೆ ಕೇಳಿ ಸಿಟ್ಟು ಬರುತ್ತದೆ, ಬರಬೇಕು ಕೂಡ. ಕಸುಬಿನ ವಾಡಿಕೆ ಗೊತ್ತಿಲ್ಲದ ಲೇಖಕನಿಗೆ ವಾಡಿಕೆ ಮುರಿದ ಜಾಗ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಮೂರೂ ಬರಹಗಳ ಮುಖ್ಯ ತೊಂದರೆ ಇದೇ. ಪಾಠ ಮೊದಲೇ ಕೈಯಲ್ಲಿತ್ತು, ಗೇರುಗಿಡವನ್ನು ಆಮೇಲೆ ತಂದು ನಿಲ್ಲಿಸಿದ್ದೀರಿ.

ತಿದ್ದುವಾಗ ಗಿಡಕ್ಕೆ ಜಾಗ ಕೊಡಿ. ‘ಚಾಕುವಿನಿಂದ ಸೀಳಿ ಕಡ್ಡಿ ಇಟ್ಟು ಕಟ್ಟುತ್ತಾರೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅಷ್ಟು ಸಾಲದು. ಮೆದುಕಾಂಡ ಕಸಿ ನಡೆಯುವುದು ಹೀಗೆ. ಪಾಲಿಥೀನ್ ಚೀಲದಲ್ಲಿ ಎಬ್ಬಿಸಿದ ಸಸಿಗೆ 45ರಿಂದ 60 ದಿನ ಆಗಿರಬೇಕು, ಕಾಂಡ ಪೆನ್ಸಿಲ್ ದಪ್ಪ. ಕಡ್ಡಿಯೂ ಅಷ್ಟೇ ದಪ್ಪದ್ದು, ಹೂ ಬಿಡದ ಕೊಂಬೆಯದು. ಕೊಯ್ಯುವುದಕ್ಕೆ 7ರಿಂದ 10 ದಿನ ಮೊದಲೇ ಮರದಲ್ಲಿರುವಾಗಲೇ ಅದರ ಎಲೆಗಳನ್ನು ಸವರಿ ತೊಟ್ಟು ಮಾತ್ರ ಉಳಿಸುತ್ತಾರೆ. ಆಗ ತುದಿಯ ಮೊಗ್ಗು ಉಬ್ಬುತ್ತದೆ, ತೊಟ್ಟು ಮುಟ್ಟಿದರೆ ಉದುರುತ್ತದೆ, ಕಡ್ಡಿ ಕೊಯ್ಯಲು ಅದೇ ಗುರುತು. ಬೇರುಸಸಿಯ ಬುಡದ ಎರಡು ಜೊತೆ ಎಲೆ ಉಳಿಸಿ, ಸುಮಾರು 15 ಸೆಂ.ಮೀ. ಎತ್ತರದಲ್ಲಿ ತಲೆ ಕತ್ತರಿಸಿ, ನಡುವೆ ಐದಾರು ಸೆಂ.ಮೀ. ಸೀಳು. ಕಡ್ಡಿಯ ಬುಡವನ್ನು ಎರಡೂ ಬದಿ ಬೆಣೆಯಂತೆ ಸವರಿ ಸೀಳಿನೊಳಗೆ ಕೂರಿಸಿ, ಒಂದೂವರೆ ಸೆಂ.ಮೀ. ಅಗಲದ ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೆ ಸಣ್ಣ ಪ್ಲಾಸ್ಟಿಕ್ ಟೋಪಿ ಹಾಕಿ ನೆರಳಲ್ಲಿಡುತ್ತಾರೆ. ಮೂರು ನಾಲ್ಕು ವಾರದಲ್ಲಿ ಚಿಗುರು ಬಂತೆಂದರೆ ಕಸಿ ಹಿಡಿಯಿತು.

ಹಿಡಿಯದಿದ್ದರೆ ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ತೊಗಟೆಯ ಅಡಿಯ ಹಸಿರು ಪದರಗಳು ಒಂದು ಬದಿಯಲ್ಲಾದರೂ ಒಂದಕ್ಕೊಂದು ತಾಗಿಲ್ಲ. ಪಟ್ಟಿ ಸಡಿಲವಾಗಿ ಗಾಳಿ, ನೀರು ಒಳಹೋಗಿದೆ. ಅಥವಾ ಕಡ್ಡಿ ದಾರಿಯಲ್ಲೇ ಒಣಗಿತ್ತು. ಹಿಡಿದ ಮೇಲೂ ಎರಡು ಅಪಾಯ ಉಂಟು, ನಮ್ಮ ದೃಷ್ಟಿಯಲ್ಲಿ ನಿಮ್ಮ ಲೇಖನದ ನಿಜವಾದ ಸರಕು ಇಲ್ಲಿದೆ. ಕಸಿಗಂಟಿನ ಕೆಳಗೆ ಬೇರುಸಸಿಯದೇ ಚಿಗುರು ಏಳುತ್ತದೆ. ಅದು ಸೊಂಪಾಗಿ ಬೆಳೆಯುತ್ತದೆ, ನೋಡಲು ಕಡ್ಡಿಯ ಚಿಗುರಿಗಿಂತ ಚೆನ್ನಾಗಿರುತ್ತದೆ, ಹೊಸಬರು ಖುಷಿಯಿಂದ ಬಿಡುತ್ತಾರೆ. ಕೀಳದಿದ್ದರೆ ಮೇಲಿನ ಕಡ್ಡಿ ಸೊರಗಿ, ಕೊನೆಗೆ ತೋಟದಲ್ಲಿ ಉಳಿಯುವುದು ಕಾಟು ಗೇರೇ. ಇನ್ನೊಂದು, ಮೊದಲು ಕಾಪಾಡಿದ ಪಾಲಿಥೀನ್ ಪಟ್ಟಿಯನ್ನು ನೆಡುವ ಹೊತ್ತಿಗೆ ಬಿಚ್ಚದಿದ್ದರೆ ಕಾಂಡ ದಪ್ಪಗಾದಂತೆ ಅದೇ ಕತ್ತು ಹಿಸುಕುತ್ತದೆ, ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ. ಈ ಎರಡನ್ನು ಓದಿದ ಮೇಲೆ ‘ನಮ್ಮ ಜೀವನವೂ ಹೀಗೆಯೇ ಅಲ್ಲವೇ ಪ್ರಿಯರೇ?’ ಎಂದು ನೀವು ಕೇಳಬೇಕಾಗಿಲ್ಲ. ದೀಕ್ಷಾಸ್ನಾನ ಆದ ಮೇಲೂ ಹಳೆಯ ಬುಡದಿಂದ ಏಳುವ ಚಿಗುರು ಯಾವುದೆಂದು ಓದುವವನಿಗೇ ಗೊತ್ತು. ಆ ‘ಅಲ್ಲವೇ ಪ್ರಿಯರೇ’ ಮೂರು ಬರಹದಲ್ಲೂ ಇದೆ. ಅಂಕಣಕ್ಕೆ ಬರುವ ಹತ್ತರಲ್ಲಿ ಒಂಬತ್ತು ಬರಹಗಳಲ್ಲೂ ಇರುತ್ತದೆ, ನಾವು ಕಣ್ಣು ಮುಚ್ಚಿ ಹೊಡೆದು ಹಾಕುತ್ತೇವೆ.

ಇನ್ನು ಬೀಸುಬಲೆ. ನಿಮ್ಮ ಕಥಾನಾಯಕ ಜುಲೈ ತಿಂಗಳ ಮುಂಜಾವಿನಲ್ಲಿ ಅಳಿವೆಯ ಬಂಡೆಯ ಮೇಲೆ ನಿಂತಿದ್ದಾನೆ, ದೂರದಲ್ಲಿ ಟ್ರಾಲ್ ದೋಣಿಗಳು ಕಡಲಿಗೆ ಇಳಿಯುತ್ತಿವೆ, ಅವನು ‘ಆಳಕ್ಕೆ’ ಬಲೆ ಬೀಸಿ ‘ರಭಸದಿಂದ’ ಎಳೆಯುತ್ತಾನೆ, ಬಲೆ ಹರಿಯುವಷ್ಟು ಬಂಗುಡೆ. ಕರಾವಳಿಯ ಓದುಗರು ಇದನ್ನು ಒಬ್ಬರಿಗೊಬ್ಬರು ಓದಿ ಹೇಳಿ ನಕ್ಕಾರು. ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ. ಬಂಗುಡೆ ಕಡಲಲ್ಲಿ ಗುಂಪಾಗಿ ಓಡಾಡುವ ಮೀನು, ಅಳಿವೆಯ ಬೀಸುಬಲೆಗೆ ಮಾಲ, ಇರ್ಪೆ, ಸಿಗಡಿ ಎಂದರೆ ನಂಬುತ್ತಾರೆ. ಬೀಸುಬಲೆ ನಡೆಯುವುದೂ ತೆಳುನೀರಿನಲ್ಲಿ. ಅಂಚಿನ ಸುತ್ತ ಸೀಸದ ಗುಂಡುಗಳಿರುತ್ತವೆ, ದುಂಡಗೆ ಬಿಚ್ಚಿ ಬಿದ್ದ ಬಲೆಯ ಅಂಚು ಮೊದಲು ನೆಲ ಮುಟ್ಟಬೇಕು. ನೀರು ಆಳವಾದರೆ ಮುಳುಗುತ್ತಾ ಬಾಯಿ ಕೂಡಿಕೊಳ್ಳುತ್ತದೆ, ಮೀನು ಅಡಿಯಿಂದ ಜಾರುತ್ತದೆ. ಎಳೆಯುವುದು ಮೆಲ್ಲಗೆ, ಸೀಸ ನೆಲ ಬಿಡದಂತೆ. ಆಗ ಬೆದರಿದ ಮೀನು ಅಂಚಿನ ಕಡೆ ನುಗ್ಗಿ ಅಲ್ಲಿ ಮಡಚಿ ಕಟ್ಟಿದ ಚೀಲಗಳಿಗೆ ಬೀಳುತ್ತದೆ. ಜಗ್ಗಿದರೆ ಸೀಸ ಮೇಲೆದ್ದು ಬಲೆ ಖಾಲಿ. ಬಂಡೆಯ ಬುಡದಲ್ಲಿ ಬೀಸಿದರಂತೂ ಬಲೆಯೇ ಸಿಕ್ಕಿ ಹರಿಯುತ್ತದೆ.

ವಚನವೂ ತಪ್ಪು ಬಲೆಯದು. ನೀವು ಕೊಟ್ಟ ಲೂಕ 5ರಲ್ಲಿರುವುದು ದೋಣಿಯಿಂದ ಆಳದ ನೀರಿಗೆ ಇಳಿಸುವ ಬಲೆ, ರಾತ್ರಿಯ ಕೆಲಸ. ಬೆಳಿಗ್ಗೆ ಬಲೆ ತೊಳೆಯುತ್ತಿದ್ದವರಿಗೆ ಹಗಲಲ್ಲಿ ಮತ್ತೆ ಹಾಕು ಎಂದು ಹೇಳಿದ ಯೇಸು ಬಡಗಿ. ರಾತ್ರಿಯಿಡೀ ದುಡಿದ ಸೀಮೋನನಿಗೆ ಅದು ಎಂಥ ಅಸಂಬದ್ಧ ಮಾತು ಎಂದು ಮೊದಲು ಅನಿಸಬೇಕು, ಆಮೇಲೆ ‘ನಿನ್ನ ಮಾತಿನ ಮೇಲೆ’ ಎಂದು ಅವನು ಒಪ್ಪಿದ್ದರ ಬೆಲೆ ತಿಳಿಯುತ್ತದೆ. ನಿಮ್ಮ ಬಲೆಗೆ ಹೊಂದುವುದು ಮಾರ್ಕ 1:16, ದಡದ ಹತ್ತಿರ ಬೀಸುತ್ತಿದ್ದ ಸೀಮೋನ ಮತ್ತು ಅಂದ್ರೆಯ. ಮತ್ತಾಯ 13:47ರ ಬಲೆ ಮತ್ತೊಂದು ಬಗೆಯದು, ನಮ್ಮಲ್ಲಿಯ ರಂಪಣಿಗೆ ಹತ್ತಿರ: ಎರಡು ತುದಿ ಹಿಡಿದು ಜನ ದಡಕ್ಕೆ ಎಳೆಯುತ್ತಾರೆ, ಎಲ್ಲ ಜಾತಿಯ ಮೀನೂ ಬರುತ್ತದೆ, ಕೂತು ಆರಿಸುವುದು ಆಮೇಲೆ. ಆರಿಸುವ ಕೆಲಸ ಎಳೆಯುವವರದಲ್ಲ, ದೇವದೂತರದು ಎಂದು ಆ ಸಾಮ್ಯ ಹೇಳುತ್ತದೆ. ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ಬರೆಯಿರಿ. ರಂಪಣಿ ಎಳೆದ ಹಿರಿಯರು ಊರಲ್ಲಿದ್ದರೆ ಅವರೊಡನೆ ಒಂದು ಸಂಜೆ ಕೂತು ಕೇಳಿಕೊಳ್ಳಿ, ಅದು ಒಳ್ಳೆಯ ಲೇಖನವಾದೀತು.

ಕುಮಾರಪರ್ವತದ ಬಗ್ಗೆ ಚುಟುಕಾಗಿ ಹೇಳುತ್ತೇವೆ. 1,712 ಮೀಟರ್ ಹತ್ತಿದ ಬರಹದಲ್ಲಿ ಇಂಬಳದ ಕಡಿತ ಬಿಟ್ಟರೆ ಮೈಗೆ ತಾಗಿದ್ದು ಏನೂ ಇಲ್ಲ. ಮೋಡ, ಸೂರ್ಯೋದಯ, ‘ಅದ್ಭುತ’, ಮತ್ತೆ ಮೋಡ. ಕೀರ್ತನೆ 121ನ್ನು ‘ಬೆಟ್ಟದಿಂದ ಸಹಾಯ ಬರುತ್ತದೆ’ ಎಂಬಂತೆ ಓದಿದ್ದೀರಿ. ಅಲ್ಲಿ ಬೆಟ್ಟದ ಕಡೆ ಕಣ್ಣೆತ್ತಿದವನು ಸಹಾಯ ಎಲ್ಲಿಂದ ಎಂದು ಕೇಳುತ್ತಾನೆ, ಭೂಮ್ಯಾಕಾಶಗಳನ್ನು ಉಂಟುಮಾಡಿದಾತನಿಂದ ಎಂಬ ಉತ್ತರ ಬೆಟ್ಟವನ್ನು ದಾಟಿ ಹೋಗುತ್ತದೆ. ಇದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಅದು ಸುಬ್ರಹ್ಮಣ್ಯನ ಭಕ್ತರಿಗೆ ಪವಿತ್ರ ಜಾಗ. ಅವರ ನಡುವೆ ನಡೆದು ಹೋಗಿ, ಅವರೊಡನೆ ದಾರಿಯಲ್ಲಿ ನೀರು ಹಂಚಿಕೊಂಡು, ಬಂದು ‘ಕತ್ತಲೆಯಲ್ಲಿರುವ ಜನ’ ಎಂದು ಬರೆಯುವುದು ಸರಿಯಲ್ಲ. ಆ ಪ್ಯಾರಾ ಇದ್ದರೆ ಲೇಖನ ಎಷ್ಟೇ ಚೆನ್ನಾಗಿದ್ದರೂ ಹಾಕುವುದಿಲ್ಲ.

ಕೆಲವು ಸಣ್ಣಪುಟ್ಟ ವಿಷಯ. ಅಂಕಣದ ಜಾಗ 650 ಪದ, ನಿಮ್ಮ ಗೇರಿನ ಬರಹ ಅದರ ಎರಡರಷ್ಟಿದೆ. ಮೊದಲ ಎರಡು ಪ್ಯಾರಾ (ಪ್ರಕೃತಿಯ ಮಡಿಲು, ದೇವರ ಕೈಚಳಕ) ಪೂರ್ತಿ ತೆಗೆಯಿರಿ, ಚಾಕು ಕೈಗೆ ಬಂದಲ್ಲಿಂದ ಶುರುವಾಗಲಿ. ಒಂದು ಬರಹಕ್ಕೆ ಬೈಬಲಿನ ಒಂದೇ ವಾಕ್ಯಭಾಗ ಸಾಕು. ನೀವು ಹನ್ನೊಂದು ಕೊಟ್ಟಿದ್ದೀರಿ, ಯೋಹಾನ 15ರ ದ್ರಾಕ್ಷಿಬಳ್ಳಿಯನ್ನೂ ಎಳೆದು ತಂದಿದ್ದೀರಿ. ಅಲ್ಲಿ ಕಸಿಯೇ ಇಲ್ಲ, ಸವರುವಿಕೆ ಇದೆ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ವಚನವನ್ನು ನೆನಪಿನಿಂದ ಬರೆಯದೆ ಪುಸ್ತಕ ತೆರೆದು ನೋಡಿ ಬರೆಯಿರಿ, ಯಾವ ಅನುವಾದ ಎಂದೂ ತಿಳಿಸಿ. ನಮ್ಮ ಓದುಗರಲ್ಲಿ ಪ್ರೊಟೆಸ್ಟೆಂಟರೂ ಕಥೋಲಿಕರೂ ಇದ್ದಾರೆ, ಒಂದೇ ಬರಹದಲ್ಲಿ ಒಮ್ಮೆ ಯೆಹೋವ, ಒಮ್ಮೆ ಸರ್ವೇಶ್ವರ ಎಂದು ಬಂದರೆ ಎರಡೂ ಕಡೆಯಿಂದ ಪತ್ರ ಬರುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ಕಳಿಸಿ.

ಕಳಿಸುವ ಮೊದಲು ಕಸಿ ಭಾಗವನ್ನು ನರ್ಸರಿಯಲ್ಲಿ ಕೈಯಾರೆ ಕಟ್ಟುವ ಒಬ್ಬರಿಗೆ ಓದಿ ಹೇಳಿ. ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ, ಅವರು ‘ಹೌದು, ಹೀಗೇ’ ಎಂದರೆ ಸಾಕು. ಜೊತೆಗೆ ಒಂದು ಫೋಟೊ ಇರಲಿ: ಕಸಿಗಂಟು, ಅದರ ಕೆಳಗೆ ಎದ್ದ ಚಿಗುರು ಎರಡೂ ಕಾಣುವಂತೆ ಹತ್ತಿರದಿಂದ ತೆಗೆದದ್ದು. ಸೂರ್ಯೋದಯದ ಫೋಟೊ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ಇತಿ,
ಸಂಪಾದಕ ಬಳಗ