ಸ್ಟೆಂಟ್ ಹಾಕಿದ ಮೇಲೆ ಅವ್ವ ಮಂಕಾಗಿದ್ದಾಳೆ, ಕಾಕಾಗೆ ಹಾಗಾಗಿರಲಿಲ್ಲ: ಇದು ಹೆಂಗಸರಿಗೇ ಬರೋದಾ?

ನಿಮ್ಮ ಪ್ರಶ್ನೆ ಇಷ್ಟು: ಆಳಂದ ಕಡೆಯ ಊರು. 54 ವರ್ಷದ ಅವ್ವನಿಗೆ ಹಾರ್ಟ್ ಅಟ್ಯಾಕ್ ಆಗಿ ಕಲಬುರಗಿಯಲ್ಲಿ ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿ ನಾಲ್ಕು ತಿಂಗಳು. ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿದೆ ಅಂತಾರೆ ಡಾಕ್ಟರ್, ಆದರೂ ದಿನವಿಡೀ ಮಲಗಿರುತ್ತಾಳೆ, "ಯಾತಕ್ಕೂ ಮನಸ್ ಬರವಲ್ದು" ಅಂತಾಳೆ. ಅಪ್ಪ "ನಾಟಕ" ಅಂತಾರೆ. ಮೂರು ವರ್ಷದ ಹಿಂದೆ ಇದೇ ಹಾರ್ಟ್ ಅಟ್ಯಾಕ್, ಸ್ಟೆಂಟ್ ಆಗಿದ್ದ ಕಾಕಾ ಹದಿನೈದು ದಿನಕ್ಕೆ ಹೊಲಕ್ಕೆ ಹೋದರು. ಸಿಟ್ಟು ಜಾಸ್ತಿಯಾಗಿ ಕುಡಿತ ಶುರುವಾಯ್ತು, ಅಷ್ಟೇ.

ಇದು ಖಿನ್ನತೆ ಇರಬಹುದು. ಅದು ಹೆಂಗಸರಿಗೆ ಹೆಚ್ಚು, ನಿಜ. ಆದರೆ ನೀವು "ಅಷ್ಟೇ" ಅಂತ ಮುಗಿಸಿದ ಕಾಕಾನ ಸಿಟ್ಟು, ಕುಡಿತದ ಬಗ್ಗೆ ನನಗೆ ಅವ್ವನ ಬಗ್ಗೆ ಇರುವಷ್ಟೇ ಚಿಂತೆ ಇದೆ. ಅದಕ್ಕೆ ಕೊನೆಗೆ ಬರುತ್ತೇನೆ.

ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹತ್ತಿರ ಹತ್ತಿರ ಎರಡು ಪಟ್ಟು, ಅದರಲ್ಲೂ 60 ದಾಟದ ಹೆಂಗಸರಲ್ಲಿ ಅತಿ ಹೆಚ್ಚು. ನಿಮ್ಮ ಅವ್ವ ಸರಿಯಾಗಿ ಆ ಗುಂಪಿನಲ್ಲೇ ಇದ್ದಾಳೆ. 2014ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪರಿಣತರು ಖಿನ್ನತೆಯನ್ನು ಹಾರ್ಟ್ ಅಟ್ಯಾಕ್ ನಂತರದ ಅಪಾಯದ ಕಾರಣಗಳ ಸಾಲಿಗೇ ಸೇರಿಸಬೇಕು ಅಂದರು. ಯಾಕೆಂದರೆ ಮಂಕಾದವರು ಗುಳಿಗೆ ತಪ್ಪಿಸುತ್ತಾರೆ, ನಡೆಯುವುದಿಲ್ಲ, ಬೀಡಿ ಬಿಡುವುದಿಲ್ಲ. ಜೊತೆಗೆ ಒಳಗೆ ರಕ್ತ ಹೆಪ್ಪುಗಟ್ಟುವ ಗುಣವೂ ಉರಿಯೂತವೂ ಹೆಚ್ಚುತ್ತವೆ. ಅಪ್ಪನಿಗೆ ಇದನ್ನು ಓದಿ ಹೇಳಿ.

ಇವತ್ತೇ ಒಂದು ಕೆಲಸ ಮಾಡಿ. ಅವ್ವನ ಗುಳಿಗೆ ಡಬ್ಬಿ ತೆಗೆದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೋಗ್ರೆಲ್ ಗುಳಿಗೆಯ ಸ್ಟ್ರಿಪ್ ಎಣಿಸಿ. ತಂದ ದಿನದಿಂದ ಇವತ್ತಿನ ತನಕ ಎಷ್ಟು ಖಾಲಿಯಾಗಬೇಕಿತ್ತು, ಎಷ್ಟು ಆಗಿದೆ? 30 ದಿನಕ್ಕೆ 30 ಹೋಗಬೇಕಾದಲ್ಲಿ 19 ಹೋಗಿದ್ದರೆ "ತಗೊಂಡೀನಿ" ಅನ್ನೋ ಮಾತಿಗಿಂತ ಆ ಸ್ಟ್ರಿಪ್ಪೇ ಸಾಕ್ಷಿ. ಸ್ಟೆಂಟ್ ಆದ ಮೊದಲ ವರ್ಷ ಈ ಗುಳಿಗೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಇನ್ನು ಖಿನ್ನತೆ ಹೌದೋ ಅಲ್ಲವೋ ನೋಡುವುದು. ಡಾಕ್ಟರುಗಳು ಬಳಸುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಯ ಪಟ್ಟಿ ಇದೆ. ಕಳೆದ ಎರಡು ವಾರದ್ದು ಮಾತ್ರ ಕೇಳಬೇಕು. "ಎರಡು ವಾರ" ಅಂದರೆ ವಯಸ್ಸಾದವರಿಗೆ ಲೆಕ್ಕ ಸಿಗುವುದಿಲ್ಲ. "ಹೋದ ಅಮಾಸಿ ಇಂದ ಈ ಹುಣ್ಣಿಮಿ ತನಕ" ಅನ್ನಿ, ತಟ್ಟನೆ ಹೊಳೆಯುತ್ತದೆ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನಾಲೂ 3. ಹೆಚ್ಚೆಂದರೆ ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ತೋರಿಸಲೇಬೇಕು, 20 ಅಥವಾ ಹೆಚ್ಚು ಬಂದರೆ ತಡ ಮಾಡಬಾರದು.

ಮೊದಲೆರಡು ಪ್ರಶ್ನೆಯೇ ಮುಖ್ಯ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು. ಪುಸ್ತಕದ ಭಾಷೆಯಲ್ಲಿ ಕೇಳಿದರೆ "ಹಂಗೇನಿಲ್ಲ" ಅಂತಾಳೆ. "ಮೊದ್ಲಿನಂಗ ರೊಟ್ಟಿ ಬಡೀಬೇಕು, ಮೊಮ್ಮಗನ್ ಎತ್ಕೋಬೇಕು ಅನಸ್ತದೇನು? ಯಾರರ ಮನಿಗಿ ಬಂದ್ರ ಎದ್ದ್ ಮಾತಾಡ್ಸಬೇಕು ಅನಸ್ತದೋ, ಇವ್ರು ಯಾವಾಗ ಹೋಗ್ತಾರ ಅನಸ್ತದೋ?" ಅಂತ ಕೇಳಿ. ಗಂಡನ ಎದುರು, ಸೊಸೆಯ ಎದುರು ಕೇಳಬೇಡಿ. ಉತ್ತರ ಅವಳೇ ಕೊಡಲಿ. ಮಗ ಪಕ್ಕದಲ್ಲಿ ಕೂತು "ನಿದ್ದಿ ಚಂದ ಮಾಡ್ತಾಳ್ರೀ" ಅಂತ ತಾನೇ ಹೇಳಿದರೆ ಆ ಅಂಕಿಗೆ ಬೆಲೆಯಿಲ್ಲ.

ಒಂಬತ್ತರಲ್ಲಿ ನಿದ್ದೆ, ಸುಸ್ತು, ಊಟ, ಗಮನ, ಮಂದಗತಿ ಈ ಐದಕ್ಕೆ ಅಂಕ ಬೇರೆ ಕಾರಣಕ್ಕೂ ಬರುತ್ತದೆ. ನಮ್ಮ ಕಡೆ ಹೆಂಗಸರಲ್ಲಿ ಎಷ್ಟು ಜನಕ್ಕೆ ರಕ್ತ ಕಡಿಮೆ ಇದೆ ಅಂತ ನಿಮಗೆ ಗೊತ್ತು. ಥೈರಾಯ್ಡ್ ಕೆಳಗಿಳಿದರೂ ಥೇಟ್ ಹೀಗೇ ಮಲಗುತ್ತಾರೆ. ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಗುಳಿಗೆಯೂ ಸುಸ್ತು ತರುತ್ತದೆ, ಆದರೆ ಅದನ್ನು ನೀವೇ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಎದೆನೋವು ತಿರುಗಿ ಬರಬಹುದು. ಹಾಗಾಗಿ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಶುಗರ್, ಸೋಡಿಯಂ ನಾಲ್ಕನ್ನೂ ಮಾಡಿಸಿಕೊಂಡೇ ಹೋಗಿ. ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರುವುದು ಕಂಡರೆ ಅದು ಹೃದಯದ್ದೇ ತೊಂದರೆ ಇರಬಹುದು, ಮೊದಲು ಹಾರ್ಟ್ ಡಾಕ್ಟರ್ ಹತ್ತಿರ ಹೋಗಬೇಕು.

ಹೆಂಗಸರಿಗೆ ಎರಡೂ ಕಡೆ ಅನ್ಯಾಯ ಆಗುವುದು ಇಲ್ಲೇ. ಎದೆ ಹಿಡಿದಾಗ "ಚಿಂತಿ ಮಾಡ್ತಾಳ, ಗ್ಯಾಸ್ ಆಗ್ಯದ" ಅಂತಾರೆ, ಮನಸ್ಸು ಕುಸಿದಾಗ "ಹಾರ್ಟಿಂದು, ಹಂಗೇ ಇರ್ತದ" ಅಂತಾರೆ. ಖಿನ್ನತೆ ಅಂತ ಚೀಟಿ ಬಂದ ಮೇಲೂ ಎದೆ, ದವಡೆ, ಬೆನ್ನು ನೋವು, ಬೆವರು, ವಾಂತಿ ಬಂದಂತಾಗುವುದು ಐದು ನಿಮಿಷದಲ್ಲಿ ಇಳಿಯದಿದ್ದರೆ ನೇರ 108ಕ್ಕೆ ಫೋನ್ ಮಾಡಿ.

ಎಲ್ಲಿ ತೋರಿಸುವುದು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಕೇಳಿಕೊಂಡು ಹೋಗಿ. ಕಲಬುರಗಿಗೇ ಹೋಗುವುದಾದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್. ಬೀದರ್‌ನವರಿಗೆ ಅಂಥದ್ದೇ ಬ್ರಿಮ್ಸ್ ಇದೆ. ಡಿಸ್ಚಾರ್ಜ್ ಚೀಟಿ, ಹೊಸ ಇಸಿಜಿ, ಎಲ್ಲ ಗುಳಿಗೆ ಸ್ಟ್ರಿಪ್ ಒಯ್ಯಿರಿ. "ಹುಚ್ಚರ ಡಾಕ್ಟರ್" ಅಂತ ಅವ್ವ ಹಿಂಜರಿದರೆ ಮೊದಲು 14416ಕ್ಕೆ ಫೋನ್ ಹಚ್ಚಿಕೊಡಿ. ಅದು ಸರ್ಕಾರದ ಟೆಲಿ ಮಾನಸ್. ಪುಕ್ಕಟೆ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ.

ಔಷಧಿಯ ಮಾತು. ಹೃದಯದ ತೊಂದರೆ ಇರುವವರಿಗೆ ಖಿನ್ನತೆಗೆ ಹೆಚ್ಚಾಗಿ ಕೊಡುವುದು ಸರ್ಟ್ರಾಲಿನ್. ಹಾರ್ಟ್ ಅಟ್ಯಾಕ್ ಆದವರಿಗೇ ಕೊಟ್ಟು ನೋಡಿ ಸುರಕ್ಷಿತ ಅಂತ 2002ರಲ್ಲಿ ತೋರಿಸಿದ್ದಾರೆ. 25 ಅಥವಾ 50 ಮಿಲಿಗ್ರಾಂನಿಂದ ಶುರು. ಮೊದಲ ವಾರ ಹೊಟ್ಟೆ ತೊಳಸುತ್ತದೆ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಎಷ್ಟೋ ಜನ ಹತ್ತನೇ ದಿನಕ್ಕೇ "ಏನೂ ಫರಕ್ ಇಲ್ಲ" ಅಂತ ಬಿಡುತ್ತಾರೆ. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಜೊತೆ ಸೇರಿದಾಗ ರಕ್ತಸ್ರಾವದ ಅಪಾಯ ಸ್ವಲ್ಪ ಏರುತ್ತದೆ, ಮಲ ಡಾಂಬರಿನಂತೆ ಕಪ್ಪಾದರೆ ತಿಳಿಸಬೇಕು. ವಯಸ್ಸಾದ ಹೆಂಗಸರು ಉಚ್ಚೆ ಹೆಚ್ಚಿಸುವ ಗುಳಿಗೆಯನ್ನೂ ತಗೊಳ್ಳುತ್ತಿದ್ದರೆ ಸೋಡಿಯಂ ಇಳಿದು ತಲೆ ಮಂಕಾಗಬಹುದು. ಶುರು ಮಾಡಿ ಎರಡು ವಾರ ಆದ ಮೇಲೆ ಒಮ್ಮೆ ರಕ್ತ ನೋಡಿಸಿ. ಅಮಿಟ್ರಿಪ್ಟಿಲಿನ್ ಥರದ ಹಳೆಯ ಖಿನ್ನತೆ ಗುಳಿಗೆ ಹಾರ್ಟ್ ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಬೇಡ. ಮೆಡಿಕಲ್‌ನಲ್ಲಿ ಕೇಳಿ ತರುವ ನಿದ್ದೆ ಗುಳಿಗೆ, ಅಲ್ಪ್ರಾಜೋಲಾಂ, ಖಿನ್ನತೆಗೆ ಮದ್ದೇ ಅಲ್ಲ, ಚಟ ಹಿಡಿಸುತ್ತದೆ. ನಾನು ಕಂಡ ತಪ್ಪುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ ಇದೇ.

ಆಪ್ತಸಮಾಲೋಚನೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಂದುವುದಿಲ್ಲ. 1997ರ ಕೆನಡಾದ ಪ್ರಯೋಗದಲ್ಲಿ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸಿದರು, ಬೇಕಾದಾಗ ನರ್ಸ್‌ಗಳು ಮನೆಗೂ ಹೋದರು. ಗಂಡಸರಿಗೂ ಹೆಂಗಸರಿಗೂ ಜೀವ ಉಳಿಯುವ ಲಾಭ ಸಿಗಲಿಲ್ಲ, ಹೆಂಗಸರಲ್ಲಂತೂ ಸಾವು ಹೆಚ್ಚೇ ಕಂಡಿತು. ಸ್ವೀಡನ್‌ನಲ್ಲಿ 237 ಹೃದ್ರೋಗಿ ಹೆಂಗಸರ ಮೇಲೆ ನಡೆದ, ಹೆಂಗಸರದ್ದೇ ಸಣ್ಣ ಗುಂಪಿನಲ್ಲಿ ವರ್ಷಕ್ಕೆ 20 ಸಲ ಕೂಡಿಸಿದ ಪ್ರಯೋಗದಲ್ಲಿ ಮಾತ್ರ ಸಾವು ಸ್ಪಷ್ಟವಾಗಿ ಇಳಿಯಿತು. ಇದರಿಂದ ನಾನು ತೆಗೆಯುವ ಅರ್ಥ: ಅವ್ವನಿಗೆ ಬೋಧನೆ ಬೇಡ, ತನ್ನಂಥ ನಾಲ್ಕು ಹೆಂಗಸರ ನಡುವೆ ಕೂರುವ ಜಾಗ ಬೇಕು. ಸ್ತ್ರೀಶಕ್ತಿ ಸಂಘದ ಸಭೆಯೋ, ಭಜನಿಯೋ, ಯಾವುದಾದರೂ ಸರಿ. ನಡಿಗೆಯೂ ಹಾಗೇ: ದಿನಕ್ಕೆರಡು ಸಲ ಐದು ನಿಮಿಷದಿಂದ ಶುರು ಮಾಡಿ, ವಾರವಾರ ಏರಿಸುತ್ತ 30 ನಿಮಿಷಕ್ಕೆ ತನ್ನಿ, ಮಾತಾಡುತ್ತ ನಡೆಯಲು ಬರುವಷ್ಟೇ ವೇಗ. ನಮ್ಮ ಬಿಸಿಲಿಗೆ ಬೆಳಿಗ್ಗೆ ಏಳರೊಳಗೆ ಮುಗಿಯಬೇಕು. ಒಬ್ಬಳೇ ಹೋದರೆ ಜನ ನೋಡುತ್ತಾರೆ ಅನ್ನುವುದಾದರೆ ಮಾಳಿಗೆ ಮೇಲೆ. ಇನ್ನೊಂದು ಮಾತು: ಗಂಡನಿಗೆ ಸ್ಟೆಂಟ್ ಬಿದ್ದರೆ ಹೆಂಡತಿ ಆರು ತಿಂಗಳು ಆರೈಕೆ ಮಾಡುತ್ತಾಳೆ, ಹೆಂಡತಿಗೆ ಬಿದ್ದರೆ ಮುಂದಿನ ವಾರವೇ ಒಲೆ ಮುಂದೆ ಇರುತ್ತಾಳೆ. ನೀರು ತರುವ, ಕಾಳು ಹಸನು ಮಾಡುವ ಕೆಲಸ ಯಾರು ಹಿಡಿಯುತ್ತೀರಿ ಅಂತ ಮನೆಯಲ್ಲಿ ಹೆಸರು ಹಿಡಿದು ಹಂಚಿಕೊಳ್ಳಿ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ 1 ಬಂದರೂ ಒಬ್ಬರನ್ನೇ ಬಿಡಬೇಡಿ, ತೊಗರಿಗೆ ಹೊಡೆಯುವ ಎಣ್ಣೆಯನ್ನೂ (ಕೀಟನಾಶಕ) ಹೆಚ್ಚುವರಿ ಗುಳಿಗೆಗಳನ್ನೂ ಬೀಗದಲ್ಲಿಡಿ, ಅವತ್ತೇ 14416ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಪ್ರಶ್ನೆಯನ್ನು ಕಾಕಾಗೂ ಕೇಳಬೇಕು. ಖಿನ್ನತೆಯ ಗಂಡಸು ಎಷ್ಟೋ ಸಲ ಅಳುವುದಿಲ್ಲ, ರೇಗುತ್ತಾನೆ, ಕುಡಿಯುತ್ತಾನೆ, ಬೀಡಿ ಹೆಚ್ಚಿಸುತ್ತಾನೆ. ಪಟ್ಟಿಯಲ್ಲಿ ಸಿಟ್ಟಿನ ಪ್ರಶ್ನೆಯೇ ಇಲ್ಲದ್ದರಿಂದ ಅಂಕ ಕಡಿಮೆ ಬಂದು ಪಾಸಾಗುತ್ತಾನೆ. ಆದರೆ ಆತ್ಮಹತ್ಯೆಯಲ್ಲಿ ಸಾಯುವವರು ನಮ್ಮ ದೇಶದಲ್ಲಿ ಗಂಡಸರೇ ಹೆಚ್ಚು, ಹತ್ತರಲ್ಲಿ ಏಳು ಜನ. ಎದುರು ಕೂರಿಸಿ ಕೇಳಿದರೆ ಎದ್ದು ಹೋಗುತ್ತಾರೆ. ಹೊಲಕ್ಕೆ ಹೋಗುವಾಗ ಜೊತೆ ನಡೆಯುತ್ತ "ರಾತ್ರಿ ಎಷ್ಟಕ್ಕ ಎಚ್ಚರ ಆಗ್ತದ ಕಾಕಾ, ದಿನಾ ಎಷ್ಟ್ ತಗೊಂತೀರಿ" ಅಂತ ಶುರು ಮಾಡಿ. ಮುಂದಿನ ಸಲ ಅವ್ವನನ್ನು ಮಂಗಳವಾರ ಒಯ್ಯುವಾಗ "ನೀವೂ ಬಿಪಿ ನೋಡಿಸ್ಕೊಂಡ್ ಬರ್ರಿ" ಅಂತ ಅದೇ ಗಾಡಿಯಲ್ಲಿ ಕೂರಿಸಿ.