ಬೀಗರೂಟದ ಮಾರನೇ ದಿನ ಜ್ಯೂಸ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಕೋಲಾರ ತಾಲ್ಲೂಕು, 29 ವರ್ಷದ ಮಹಿಳೆ. ನರಸಾಪುರದ ಕಡೆ ಪಾಳಿ ಕೆಲಸ. ಮದುವೆ, ಬೀಗರೂಟ ಮುಗಿದಾಗಲೆಲ್ಲ ಐದು ದಿನ ‘ಡಿಟಾಕ್ಸ್’, ಅಂದರೆ ಮೈಯ ಕಲ್ಮಶ ತೆಗೆಯಲೆಂದು ಉಪವಾಸ: ಬೆಳಿಗ್ಗೆ ಸೋರೆಕಾಯಿ ರಸ, ಮಧ್ಯಾಹ್ನ ಪಾಲಕ್ ಜ್ಯೂಸ್, ರಾತ್ರಿ ನಿಂಬೆ-ಜೇನು ನೀರು. ಮೂರನೇ ದಿನ ತಲೆಸುತ್ತು, ಆರನೇ ದಿನ ಬೇಕರಿ. ಇಳಿದ ಎರಡು ಕಿಲೋ ವಾರದಲ್ಲೇ ವಾಪಸ್. ‘ನಂಗೆ ಬಾಯಿ ಕಟ್ಟೋಕೆ ಬರಲ್ಲ’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದರು.

ಮೊದಲು ತೂಕದ ಲೆಕ್ಕ ಬಿಡಿಸಿದೆವು. ಉಪವಾಸದಲ್ಲಿ ಮೊದಲು ಖರ್ಚಾಗುವುದು ಯಕೃತ್ತು, ಸ್ನಾಯುಗಳಲ್ಲಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಹೋಗುತ್ತದೆ. ಊಟ ಶುರುವಾದರೆ ನೀರು ಮರಳುತ್ತದೆ; ಇದರಲ್ಲಿ ಮನೋಬಲದ ಸೋಲೇನಿಲ್ಲ. ಕಲ್ಮಶ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡಗಳದು. ಸೋರೆಕಾಯಿ ಕಹಿಯಾಗಿದ್ದರೆ ಅದರ ಕುಕರ್ಬಿಟಾಸಿನ್ ವಿಷವೇ. ಒಂದು ಗುಟುಕೂ ಕುಡಿಯಬಾರದು.

‘ಕ್ಲೀನ್ ಆಗಬೇಕು’ ಅಂದರೆ ಏನು ಎಂದು ಕೆದಕಿದಾಗ ಬಂದ ಉತ್ತರ ಮಲಬದ್ಧತೆ. ಮೂರು ದಿನಕ್ಕೊಮ್ಮೆ ಹೊರಕಡೆ. ದಪ್ಪ ಆಗ್ತೀನಿ ಅಂತ ಮುದ್ದೆ ಬಿಟ್ಟು ಅನ್ನಕ್ಕೆ ಬಂದಿದ್ದರು, ತಿಂಡಿ ತಪ್ಪಿಸುತ್ತಿದ್ದರು, ಪಾಳಿಯಲ್ಲಿ ನೀರು ಕುಡಿಯುತ್ತಿರಲಿಲ್ಲ. ರಸ ಸೋಸಿ ನಾರನ್ನು ಚೆಲ್ಲುತ್ತಿದ್ದರಿಂದ ಡಿಟಾಕ್ಸ್ ಇದನ್ನು ಇನ್ನಷ್ಟು ಬಿಗಿಮಾಡುತ್ತಿತ್ತು.

ಸಲಹೆ: ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಒಂದು ಮುದ್ದೆ, ಸುಮಾರು ಒಂಬತ್ತು ಗ್ರಾಂ ನಾರು ಅದರಲ್ಲೇ ಸಿಗುತ್ತದೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಎರಡು ಗ್ರಾಂ ಚಿಲ್ಲರೆ. ಜೊತೆಗೆ ದಂಟು ಅಥವಾ ಕೀರೆ ಸೊಪ್ಪು, ಹೆಸರುಕಾಳಿನ ಬಸ್ಸಾರು. ಬಸಿದ ಕಟ್ಟೇ ಸಾರಾಗುವುದರಿಂದ ಬೆಂದ ನೀರಿನ ಸತ್ವ ಚೆಲ್ಲಿಹೋಗುವುದಿಲ್ಲ. ಬಸಿದ ಸೊಪ್ಪು-ಕಾಳಿನ ಪಲ್ಯ ಮುದ್ದೆಗಿಂತ ಹೆಚ್ಚಿರಲಿ. ಮುದ್ದೆ ನುಂಗುವ ಊಟ, ಬೇಗ ಮುಗಿಯುತ್ತದೆ. ಹೊಟ್ಟೆ ತುಂಬಿದ್ದು ಗೊತ್ತಾಗಲು ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಎರಡನೇ ಮುದ್ದೆಗೆ ಮೊದಲು ಪಲ್ಯ ಮುಗಿಸಿ. ಪಾಳಿಗೆ ಮುಂಚೆ ಎರಡು ಇಡ್ಲಿ, ಸಾಂಬಾರ್. ಚೀಲದಲ್ಲಿ ಒಂದು ಹಿಡಿ ಕಡಲೆಕಾಯಿ, ಒಂದು ಸೀಬೆಹಣ್ಣು. ಕಾಫಿ ಊಟವಾದ ಗಂಟೆಯ ನಂತರ, ಇಲ್ಲದಿದ್ದರೆ ಸೊಪ್ಪಿನ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ. ಮೂತ್ರ ತಿಳಿಹಳದಿ ಇರುವಷ್ಟು ನೀರು.

ಎಲ್ಲವನ್ನೂ ಒಂದೇ ದಿನ ಶುರುಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ಮುದ್ದೆ, ನೀರು; ಕಾಳು ಆಮೇಲೆ.

ಬೀಗರೂಟಕ್ಕೆ ಹೋಗಲಿ, ತಿನ್ನಲಿ. ಮಾರನೇ ದಿನ ಶಿಕ್ಷೆಯ ಉಪವಾಸ ಬೇಡ, ಎಂದಿನ ತಿಂಡಿಯೇ ಆಗಲಿ. ತಿಂದದ್ದನ್ನು ವಾಂತಿ ಮಾಡುವ ಅಭ್ಯಾಸ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡೆವು. ಇದ್ದಿದ್ದರೆ ಮನೋವೈದ್ಯರ ಬಳಿ ಕಳಿಸಬೇಕಿತ್ತು. ಸುಸ್ತೂ ಇದ್ದುದರಿಂದ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್) ಪರೀಕ್ಷೆಗೆ ವೈದ್ಯರಿಗೆ ಚೀಟಿ ಬರೆದಿದೆ. ಥೈರಾಯ್ಡ್ ಕುಗ್ಗಿದ್ದರೂ ಮಲ ಕಟ್ಟುತ್ತದೆ, ಅದಕ್ಕೆ ಮುದ್ದೆ ಮದ್ದಲ್ಲ.